ತೈಕೊ ಕಲಿಯೋಕೆ ಹೋದರೆ ಮೊದಲು ಕೆಲಸ ಕಾಲಿಗೆ

ತೈಕೊ, ಅಂದರೆ ಜಪಾನಿನ ಡ್ರಮ್ಮು, ಬಾರಿಸೋಕೆ ತೋಳಿನ ಬಲ ಬೇಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ವಿಡಿಯೊಗಳಲ್ಲಿ ಕಾಣೋದೂ ಅದೇ ಅಲ್ವಾ, ಆಳೆತ್ತರದ ಡ್ರಮ್ಮು, ಹಣೆಗೆ ಕಟ್ಟಿದ ಬಟ್ಟೆ, ಬೆವರು ಸುರಿಯೋ ಬೆನ್ನು. ಜಪಾನಿನ ಸಾಡೊ ದ್ವೀಪದಲ್ಲಿ ಒಂದು ವಸತಿ ಶಿಬಿರ ಮುಗಿಸಿ ಬಂದ ಮೇಲೆ ನನ್ನನ್ನು ಕೇಳಿದರೆ, ತೈಕೊ ಸೊಂಟದಿಂದ ಕೆಳಗಿನ ವಿದ್ಯೆ. ಕೈಯ ಸರದಿ ಬರೋದು ಆಮೇಲೆ. ಹೋಗಬೇಕು ಅಂತ ಲೆಕ್ಕ ಹಾಕುತ್ತಿರುವವರಿಗೆ ಉಪಯೋಗ ಆಗಲಿ ಅಂತ ಬರೀತಿದ್ದೇನೆ.

ಟೋಕಿಯೊದಲ್ಲೇ ವಾರಾಂತ್ಯದ ಕ್ಲಾಸುಗಳು ಬೇಕಾದಷ್ಟಿವೆ, ಸಾಡೊವರೆಗೆ ಯಾಕೆ ಅಂತ ಮನೆಯಲ್ಲೂ ಕೇಳಿದರು. ನೀಗಾತಾಕ್ಕೆ ಶಿಂಕಾನ್ಸೆನ್ ಬುಲೆಟ್ ರೈಲು ಹಿಡಿದು, ಅಲ್ಲಿಂದ ರ್‍ಯೋತ್ಸು ಬಂದರಿಗೆ ಎರಡೂವರೆ ಗಂಟೆ ಹಡಗು. ಜೆಟ್‌ಫಾಯಿಲ್‌ನಲ್ಲಿ ಅಂದರೆ ವೇಗದ ದೋಣಿಯಲ್ಲಿ, ಒಂದು ಗಂಟೆ ಚಿಲ್ಲರೆ ಸಾಕು, ಆದರೆ ದುಡ್ಡು ಜಾಸ್ತಿ. ಹಡಗಿನಲ್ಲಿ ಕಾರ್ಪೆಟ್ ಹಾಸಿದ ಜಾಗ ಇರುತ್ತದೆ, ಕಾಲು ಚಾಚಿ ಮಲಗಬಹುದು, ನನಗೆ ಅದೇ ಇಷ್ಟವಾಯಿತು. ಸಾಡೊ ದ್ವೀಪ 'ಕೊಡೊ' ಅನ್ನೋ ತೈಕೊ ತಂಡದ ನೆಲೆ. 1981ರಲ್ಲಿ ಬರ್ಲಿನ್‌ನಲ್ಲಿ ಮೊದಲ ಪ್ರದರ್ಶನ ಕೊಟ್ಟ ತಂಡ ಅದು. ಅದಕ್ಕೂ ಮುಂಚೆ ಇದೇ ದ್ವೀಪದಲ್ಲಿ ಒಂದೆಕೊಜಾ ಅನ್ನೋ ಗುಂಪಿತ್ತು. ಅವರಿಗೆ ಓಟವೂ ಒಂದೇ, ಡ್ರಮ್ಮೂ ಒಂದೇ. 1975ರಲ್ಲಿ ಬೋಸ್ಟನ್ ಮ್ಯಾರಥಾನ್ ಓಡಿ ಮುಗಿಸಿ, ಅಲ್ಲೇ ನಿಂತು ತೈಕೊ ಬಾರಿಸಿದ ಜನ. ಅದೆಲ್ಲ ಬಿಡಿ, ದ್ವೀಪದ ಹಳ್ಳಿಗಳಿಗೆ ತಮ್ಮದೇ ಆದ ಒಂದೆಕೊ ಇದೆ. ರಾಕ್ಷಸನ ಮುಖವಾಡ ಹಾಕಿದವನು ಕುಣಿಯುತ್ತಾನೆ, ಪಕ್ಕದಲ್ಲಿ ಡ್ರಮ್ಮು, ಹಬ್ಬದ ದಿನ ಮನೆಮನೆಗೆ ಹೋಗುತ್ತಾರೆ. ಡೊಳ್ಳು ನೋಡಿಕೊಂಡು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ. ಡ್ರಮ್ಮು ಹಳೆಯದು, ದೇವಸ್ಥಾನ, ಹಬ್ಬ, ನಾಟಕ ಎಲ್ಲ ಕಡೆ ಮೊದಲಿನಿಂದ ಇತ್ತು. ಆದರೆ ವೇದಿಕೆಯ ಮೇಲೆ ದೊಡ್ಡದು, ಸಣ್ಣದು ಎಲ್ಲ ಸೇರಿಸಿ ಗುಂಪಾಗಿ ಬಾರಿಸೋದು ಶುರುವಾದದ್ದು 1951ರಲ್ಲಿ. ನಾಗಾನೊ ಕಡೆಯ ದೈಹಾಚಿ ಒಗುಚಿ ಮಾಡಿದ್ದು, ಅವರು ಜಾಜ್ ಡ್ರಮ್ಮರ್. ಸಾವಿರ ವರ್ಷದ ಕಲೆ ಅಂತ ಕಣ್ಣು ಮುಚ್ಚಿ ಕೈಮುಗಿಯೋ ವಿದೇಶಿಯರಿಗೆ ಇದನ್ನು ಹೇಳಿದರೆ ಯಾಕೋ ಬೇಜಾರಾಗುತ್ತದೆ. ನನಗಂತೂ ಖುಷಿಯೇ ಆಯಿತು.

ಶಿಬಿರದಲ್ಲಿ ಬೆಳಗ್ಗೆ ಆರೂವರೆಗೆ ರೇಡಿಯೊ ವ್ಯಾಯಾಮ, ಆಮೇಲೆ ಓಟ, ಆಮೇಲೆ ನೆಲ ಒರೆಸೋದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಾಪ್ ಇಲ್ಲ. ಒದ್ದೆ ಬಟ್ಟೆ ಹಿಂಡಿ, ಮಡಿಸಿ ನೆಲಕ್ಕಿಟ್ಟು, ಎರಡೂ ಅಂಗೈ ಅದರ ಮೇಲೆ ಒತ್ತಿ, ಸೊಂಟ ಮೇಲೆತ್ತಿ, ಹಾಲಿನ ಈ ತುದಿಯಿಂದ ಆ ತುದಿಗೆ ಕಾಲಲ್ಲಿ ತಳ್ಳಿಕೊಂಡು ಓಡಬೇಕು. ಮಂಡಿ ನೆಲಕ್ಕೆ ತಾಗಬಾರದು. ಮೊದಲ ಸಾಲಿನಲ್ಲೇ ತೊಡೆ ನಡುಗುತ್ತದೆ. ತೋಳಿನಿಂದ ತಳ್ಳಲು ನೋಡಿದರೆ ಬಟ್ಟೆ ಅಲ್ಲೇ ನಿಲ್ಲುತ್ತದೆ, ನೀವು ಮುಂದಕ್ಕೆ ಮುಗ್ಗರಿಸುತ್ತೀರಿ. ಹಿಮ್ಮಡಿಯಿಂದ ತಳ್ಳಿದರೆ ಜಾರಿಕೊಂಡು ಹೋಗುತ್ತದೆ. ಎರಡು ಮೂರು ಬೆಳಗ್ಗೆ ಸುಮ್ನೆ ಶಿಸ್ತಿಗೆ ಮಾಡಿಸುತ್ತಾರೆ ಅನಿಸುತ್ತಿತ್ತು. ಡ್ರಮ್ಮಿನ ಮುಂದೆ ನಿಂತಾಗ ಗೊತ್ತಾಯಿತು, ಅಲ್ಲಿ ಬೇಕಾಗಿದ್ದೂ ಹಿಮ್ಮಡಿಯಿಂದ ಬರೋ ಅದೇ ತಳ್ಳು.

ಮೊದಲ ಪಾಠದಲ್ಲಿ ಕೈಗೆ ಬಚಿ ಕೊಡಲೇ ಇಲ್ಲ. ಬಚಿ ಅಂದರೆ ಬಾರಿಸೋ ಕೋಲು, ಸುಮಾರು 40 ಸೆಂ.ಮೀ. ಉದ್ದ. ಎಡಗಾಲು ಮುಂದೆ, ಮಂಡಿ ಬಗ್ಗಿಸಿ, ಬಲಗಾಲು ಹಿಂದೆ ಚಾಚಿ ನಿಲ್ಲೋದು. ಹಾಗೆ ನಿಂತುಕೊಂಡೇ ಬಾಯಲ್ಲಿ ಪಾಠ. ಚರ್ಮದ ನಡುವೆ ಜೋರಾಗಿ ಒಂದು ಏಟು ಹೊಡೆದರೆ 'ದೊನ್', ಬೇಗ ಬೇಗ ಎರಡಕ್ಕೆ 'ದೊಕೊ', ಅಂಚಿನ ಮರಕ್ಕೆ 'ಕಾ'. ಖಾಲಿ ಬಿಡೋ ಜಾಗಕ್ಕೂ ಒಂದು ಅಕ್ಷರ, 'ಸು'. ಚಿಕ್ಕಂದಿನಲ್ಲಿ ಸ್ವಲ್ಪ ದಿನ ಮೃದಂಗ ಕಲಿತಿದ್ದರಿಂದ ಇದು ನನಗೆ ಹೊಸದಲ್ಲ, ನಮ್ಮಲ್ಲೂ ತಕಧಿಮಿ ಬಾಯಿಗೆ ಬಂದ ಮೇಲೇ ಬೆರಳಿಗೆ ಬರೋದು. ಹಾಗಾಗಿ ಉಳಿದವರು ಪುಸ್ತಕದಲ್ಲಿ ಬರೆದುಕೊಳ್ಳುವಾಗ ನಾನು ಬರೆಯಲಿಲ್ಲ. ರಾತ್ರಿ ಪಾತ್ರೆ ತೊಳೆಯುವಾಗ ಹೇಳಿಕೊಂಡೆ, ಅಷ್ಟೇ. ಮೃದಂಗ ಒಂದು ಕಡೆ ಕಾಟ ಕೊಟ್ಟಿತು ಕೂಡ. ನನ್ನ ಬೆರಳುಗಳಿಗೆ ಸಣ್ಣ ಸಣ್ಣ ಸೊಗಸು ಮಾಡೋ ಚಪಲ, ಇಲ್ಲಿ ಅದು ಯಾರಿಗೂ ಬೇಕಿಲ್ಲ.

ನಾವು ಹೆಚ್ಚು ಹೊತ್ತು ಕಲಿತಿದ್ದು ಮಿಯಾಕೆ ಶೈಲಿ, ಟೋಕಿಯೊದ ದಕ್ಷಿಣಕ್ಕಿರೋ ಮಿಯಾಕೆ ದ್ವೀಪದ ಹಬ್ಬದ ಬಾರಿಕೆ. ಇದಕ್ಕೆ ನಗಾದೊ ಡ್ರಮ್ಮು. ಒಂದೇ ಮರದ ದಿಮ್ಮಿ ಕೊರೆದು, ಎರಡೂ ಕಡೆ ದನದ ಚರ್ಮ ಎಳೆದು ಮೊಳೆ ಹೊಡೆದಿರುತ್ತಾರೆ, ಹಗ್ಗ ಎಳೆದು ಶ್ರುತಿ ಮಾಡೋ ಮಾತೇ ಇಲ್ಲ. ತಗ್ಗಾದ ಸ್ಟ್ಯಾಂಡಿನ ಮೇಲೆ ಅಡ್ಡ ಮಲಗಿಸುತ್ತಾರೆ, ಎರಡು ಕಡೆ ಇಬ್ಬರು. ಒಬ್ಬರು ಮುಖ್ಯ ಬಾರಿಕೆ, ಇನ್ನೊಬ್ಬರು ಬದಲಾಗದ ಒಂದು ಸಣ್ಣ ನಡೆ ಹಿಡಿದುಕೊಂಡೇ ಇರಬೇಕು. ಅದನ್ನು 'ಜಿ' ಅನ್ನುತ್ತಾರೆ. ಡ್ರಮ್ಮು ಅಷ್ಟು ಕೆಳಗಿರೋದರಿಂದ ನಿಂತು ಬಾರಿಸೋಕೆ ಆಗೋದಿಲ್ಲ, ಪ್ರತಿ ಪೆಟ್ಟಿಗೂ ಮೈ ಇಳಿಯಬೇಕು, ಸೊಂಟ ತಿರುಗಬೇಕು, ಆ ತಿರುವಿನ ಹಿಂದೆ ಕೈ ಬರಬೇಕು.

ಜಿ ಹಿಡಿಯೋದು ಬೋರು ಅಂತ ಎಲ್ಲರೂ ಮುಖ್ಯ ಬಾರಿಕೆಗೆ ಮುಗಿಬೀಳುತ್ತಿದ್ದರು. ನಾನು ಜಿ ಕಡೆ ಜಾಸ್ತಿ ನಿಂತೆ, ಕಲಿತಿದ್ದೂ ಅಲ್ಲೇ. ಆ ಕಡೆಯವರ ಪೆಟ್ಟು ಮರದೊಳಗಿಂದ ಹಾದು ನಿಮ್ಮ ಕಡೆಯ ಚರ್ಮವನ್ನು ಅಲುಗಿಸುತ್ತದೆ, ಬಚಿ ಇಟ್ಟರೆ ಅದು ನೇರವಾಗಿ ಅಂಗೈಗೆ ತಿಳಿಯುತ್ತದೆ. ನನ್ನ ಜೊತೆಗಿದ್ದವರು ಒಸಾಕಾದ ಒಬ್ಬ ಹೆಂಗಸು, ಸಣ್ಣ ಆಳು. ಸುಸ್ತಾಗಿ ಭುಜದಿಂದ ಹೊಡೆದಾಗ ಅವರ ಪೆಟ್ಟು ನನ್ನ ಕಡೆ ಚಟ್ಟಂತ ಮೇಲ್ಮೇಲೆ ಬರುತ್ತಿತ್ತು. ಉಸಿರು ಬಿಟ್ಟು ಕೆಳಗಿಳಿದು ಹೊಡೆದಾಗ ಸದ್ದು ದಪ್ಪವಾಗಿ, ಒಂದು ಕ್ಷಣ ತಡವಾಗಿ ಎದೆಗೆ ತಾಗುತ್ತಿತ್ತು. ಕಣ್ಣು ಮುಚ್ಚಿದರೂ ಯಾವುದು ಕಾಲಿನದು, ಯಾವುದು ತೋಳಿನದು ಅಂತ ಹೇಳಬಹುದು. ಇದನ್ನು ಹೇಳಿದಾಗ ಅವರು ನಕ್ಕು, "ನಿಮ್ಮದೂ ನನಗೆ ಗೊತ್ತಾಗುತ್ತೆ" ಅಂದರು.

ವಾರಕ್ಕೊಮ್ಮೆಯ ಕ್ಲಾಸಿನಲ್ಲಿ ಇದು ಬರೋದು ಕಷ್ಟ ಅನ್ನೋದು ನನ್ನ ಅಭಿಪ್ರಾಯ. ನಿನ್ನೆಯ ನೋವು ತೊಡೆಯಲ್ಲಿ ಇರುವಾಗಲೇ ಇವತ್ತು ಮತ್ತೆ ಬಗ್ಗಿ ನಿಂತರೆ, ತೋರಿಕೆಗೆ ಮಾಡೋ ಶಕ್ತಿ ಉಳಿದಿರೋದಿಲ್ಲ, ಮೈ ತಾನೇ ಸುಲಭದ ದಾರಿ ಹುಡುಕಿಕೊಳ್ಳುತ್ತದೆ.

ಹೋಗೋರಿಗೆ ಕೆಲವು ಮಾತು. ಮಂಡಿ ನೋವಿದ್ದರೆ ಮಿಯಾಕೆಗೆ ಕೈ ಹಾಕಬೇಡಿ, ನಿಂತು ಬಾರಿಸೋ ಶೈಲಿಗಳ ಶಿಬಿರ ನೋಡಿ. ಅಂಗೈಯಲ್ಲಿ ಬೊಬ್ಬೆ ಬಂದೇ ಬರುತ್ತದೆ, ಬಟ್ಟೆಯ ಟೇಪ್ ಊರಿಂದಲೇ ತಗೊಂಡು ಹೋಗಿ, ಬೊಬ್ಬೆ ಬಂದ ಮೇಲೆ ಸುತ್ತೋದಲ್ಲ, ಬರೋದಕ್ಕೆ ಮೊದಲೇ ಸುತ್ತಬೇಕು. ಹಾಲಿನೊಳಗೆ ಸದ್ದು ಭಾರೀ, ಇಯರ್‌ಪ್ಲಗ್ ಹಾಕಿಕೊಳ್ಳೋಕೆ ನಾಚಿಕೆ ಬೇಡ. ಸಸ್ಯಾಹಾರಿಗಳು ಮುಂಚೆಯೇ ಬರೆದು ತಿಳಿಸಿ, ಬರೀ ಮಾಂಸ ಬೇಡ ಅಂದರೆ ಸಾಲದು, ಮಿಸೊ ಸಾರಿನ ತಳದಲ್ಲೇ ಒಣಮೀನಿನ ರಸ ಇರುತ್ತದೆ. ನಾನು ಅನ್ನ, ತೋಫು, ಉಪ್ಪಿನಲ್ಲಿ ನೆನೆಸಿದ ತರಕಾರಿಗೆ ಚಟ್ನಿಪುಡಿ ಹಚ್ಚಿಕೊಂಡು ದಿನ ತೆಗೆದೆ. ಕೊನೆಗೆ ಆ ಡಬ್ಬಿ ಇಡೀ ಮೇಜಿನ ಸ್ವತ್ತಾಯಿತು. ಭಾಷೆ ಬಾರದಿದ್ದರೂ ನಡೆಯುತ್ತದೆ, ಪಾಠ ಶುರುವಾಗುವಾಗ 'ಒನೆಗಾಯ್ ಶಿಮಸ್', ಮುಗಿದಾಗ 'ಅರಿಗಾತೊ ಗೊಜಾಯ್‌ಮಶಿತಾ' ಅಂತ ಬಗ್ಗಿ ಗಟ್ಟಿಯಾಗಿ ಹೇಳಿದರೆ ಅರ್ಧ ಮರ್ಯಾದೆ ಬಂತು.

ಬೆಂಗಳೂರಿನ ಫ್ಲ್ಯಾಟಿನಲ್ಲಿ ನಗಾದೊ ಇಟ್ಟುಕೊಳ್ಳೋಕೆ ಜಾಗವೂ ಇಲ್ಲ, ದುಡ್ಡೂ ಇಲ್ಲ. ವಿದೇಶದ ಎಷ್ಟೋ ತೈಕೊ ಗುಂಪುಗಳು ಮಾಡುವಂತೆ ನಾನೂ ಪಂಕ್ಚರ್ ಅಂಗಡಿಯಿಂದ ಹಳೇ ಕಾರ್ ಟೈರ್ ತಂದು, ಬಾಯಿಗೆ ಪ್ಯಾಕಿಂಗ್ ಟೇಪ್ ಅಡ್ಡಡ್ಡ, ಉದ್ದುದ್ದ ಬಿಗಿಯಾಗಿ ಸುತ್ತಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕಟ್ಟಿದ್ದೇನೆ. ಪುಟಿತ ಪರವಾಗಿಲ್ಲ. ಬಾಲ್ಕನಿಯಲ್ಲಿ ಇಟ್ಟರೆ ಕೆಳಗಿನ ಮನೆಯವರಿಗೆ ಕೇಳುತ್ತದೆ, ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಹಿಂದೆ ಆದರೆ ಯಾರ ತಕರಾರೂ ಇಲ್ಲ. ಟೇಪ್ ಒಂದೆರಡು ತಿಂಗಳಿಗೆ ಹರಿಯುತ್ತದೆ, ಆಗ ಹಳೇದನ್ನು ಕಿತ್ತು ಹಾಕಿ ಹೊಸದು ಸುತ್ತಿ. ಅದರ ಮೇಲೇ ಸುತ್ತುತ್ತಾ ಹೋದರೆ ಪುಟಿತ ಸತ್ತುಹೋಗುತ್ತದೆ.