ಹತ್ತನೇ ತರಗತಿಯ ಮಕ್ಕಳಿಗೆ ಮನೆಯಲ್ಲಿ ಓದುವ ಜಾಗ ಎಲ್ಲಿ?

ಮಗಳೋ ಮಗನೋ ಹತ್ತನೇ ತರಗತಿಗೆ ಬಂದರೆಂದರೆ ಮನೆಯವರು ಮೊದಲು ಮಾಡುವ ಕೆಲಸ ಟೇಬಲ್ ಕೊಳ್ಳುವುದು. ಅದು ಮೂರನೆಯ ಕೆಲಸ ಆಗಬೇಕಿತ್ತು. ಜಾಗ ನೋಡದೆ ತಂದ ಟೇಬಲ್ ದಸರಾ ಹೊತ್ತಿಗೆ ಇಸ್ತ್ರಿ ಬಟ್ಟೆ, ಕರೆಂಟ್ ಬಿಲ್ಲು, ಮದುವೆ ಕಾಗದಗಳನ್ನು ಹೊತ್ತು ನಿಂತಿರುತ್ತದೆ. ಹುಡುಗ ಎಂದಿನಂತೆ ಮಂಚದ ಮೇಲೆ ಬೋರಲಾಗಿ ಮಲಗಿ ವಿಜ್ಞಾನ ಓದುತ್ತಿರುತ್ತಾನೆ. ಅವನದು ಸೋಮಾರಿತನವೇ ಇರಬೇಕೆಂದಿಲ್ಲ. ಆ ಟೇಬಲ್ ಇಟ್ಟ ಗೋಡೆ ಸಂಜೆ ಏಳಕ್ಕೂ ಒಲೆಯಂತೆ ಕಾದಿರಬಹುದು.

ದಾವಣಗೆರೆ, ಚಿತ್ರದುರ್ಗದ ಮನೆಗಳಲ್ಲಿ ಒಂದೇ ಜಾಗ ದಿನದ ಎಲ್ಲ ಹೊತ್ತಿಗೂ ಒದಗುವುದು ಅಪರೂಪ. ಬೆಳಗಿನ ಜಾವಕ್ಕೊಂದು, ರಾತ್ರಿಗೊಂದು ಎಂದು ಎರಡು ಜಾಗ ಗೊತ್ತು ಮಾಡಿ, ಪುಸ್ತಕಗಳು ಅತ್ತಿತ್ತ ಓಡಾಡುವ ವ್ಯವಸ್ಥೆ ಮಾಡಿಕೊಂಡರೆ ಬಾಡಿಗೆಯ ಎರಡು ಕೋಣೆಯ ಮನೆಯಲ್ಲೂ ಓದು ಸಾಗುತ್ತದೆ.

ಮೊದಲು ಮೂರು ದಿನ ಮನೆಯನ್ನು ನೋಡಿ

ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಮನೆಯ ಜಾಗಗಳನ್ನು ಬರೆಯಿರಿ: ಪಡಸಾಲೆ, ಮಲಗುವ ಕೋಣೆ, ಅಡುಗೆಮನೆ ಪಕ್ಕದ ಊಟದ ಜಾಗ, ಮೆಟ್ಟಿಲ ಕೆಳಗಿನ ಮೂಲೆ, ಮಾಳಿಗೆ, ಹಿಂಬಾಗಿಲ ಕಟ್ಟೆ. ಮೇಲ್ಗಡೆ ನಾಲ್ಕು ಹೊತ್ತು: ಬೆಳಗಿನ 5, ಸಂಜೆ 4.30, ಸಂಜೆ 7, ರಾತ್ರಿ 9.30. ಪ್ರತಿ ಹೊತ್ತಿನಲ್ಲೂ ಪ್ರತಿ ಜಾಗದಲ್ಲಿ ಐದು ನಿಮಿಷ ಕೂತು ಬೆಳಕು, ಸೆಕೆ, ಸದ್ದು ಎಷ್ಟಿದೆ, ಎಷ್ಟು ಜನ ಹಾದು ಹೋದರು ಎಂದು ಗುರುತು ಹಾಕಿ. ಮೂರು ದಿನಗಳಲ್ಲಿ ಒಂದು ಶಾಲೆಯ ದಿನ, ಒಂದು ಭಾನುವಾರ, ಇನ್ನೊಂದು ನಲ್ಲಿಯಲ್ಲಿ ನೀರು ಬಿಡುವ ದಿನ ಇರಲಿ. ನೀರು ಬರುವ ದಿನ ಕೊಡಪಾನ, ಡ್ರಮ್ಮು, ಪೈಪು ಎಂದು ಮನೆ ತುಂಬ ಓಡಾಟ ಇರುತ್ತದೆ. ಉಳಿದ ದಿನ ಪ್ರಶಾಂತವಾಗಿ ಕಾಣುವ ಹಿಂಬಾಗಿಲ ಮೂಲೆ ಅಂದು ಸಂತೆ.

ಈ ಕೆಲಸವನ್ನು ಓದುವ ಮಗುವೇ ಮಾಡಲಿ. ಹದಿನೈದು ವರ್ಷದವರಿಗೆ ಅಪ್ಪ ಆರಿಸಿದ ಜಾಗಕ್ಕಿಂತ ತಾವೇ ಆರಿಸಿದ ಜಾಗ ಚೆನ್ನಾಗಿ ಹಿಡಿಸುತ್ತದೆ.

ಹಾಳೆ ತುಂಬಿದಾಗ ಕಣ್ಣಿಗೆ ಬೀಳುವ ಮೊದಲ ಸಂಗತಿ ಸೆಕೆ. ಆರ್‌ಸಿಸಿ ಮನೆಯಲ್ಲಿ, ಅದರಲ್ಲೂ ಮೇಲಿನ ಮಹಡಿಯಲ್ಲಿ, ಮಧ್ಯಾಹ್ನ ಹೀರಿದ ಬಿಸಿಯನ್ನು ಸ್ಲ್ಯಾಬು ಹೊರಗೆ ಬಿಡುವುದೇ ಸಂಜೆಯ ಮೇಲೆ. ಮಾರ್ಚ್, ಏಪ್ರಿಲ್‌ನಲ್ಲಿ ರಾತ್ರಿ ಹತ್ತಾದರೂ ಅದು ತಣ್ಣಗಾಗುವುದಿಲ್ಲ. ಪಶ್ಚಿಮದ ಗೋಡೆಯೂ ಹಾಗೆಯೇ. ಪರೀಕ್ಷೆ ಬರುವುದೂ ಸರಿಯಾಗಿ ಇದೇ ತಿಂಗಳುಗಳಲ್ಲಿ. ಆದ್ದರಿಂದ ರಾತ್ರಿ ಓದಿಗೆ ಕೆಳಮಹಡಿಯ, ಪೂರ್ವ ಅಥವಾ ಉತ್ತರ ಗೋಡೆಯ ಮೂಲೆ ಒಳ್ಳೆಯದು. ಬೆಳಗಿನ ಐದಕ್ಕೆ ಮೇಲಿನ ಕೋಣೆಯೂ ತಂಪಾಗಿರುತ್ತದೆ; ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಬೆಳಕು ಹರಿದಾಗಿನಿಂದ ಎಂಟರವರೆಗೆ ಅದಕ್ಕಿಂತ ಸುಖದ ಜಾಗ ಬೇರಿಲ್ಲ. ಉತ್ತರದ ಕಿಟಕಿಗೆ ಬಿಸಿಲೇ ಬರುವುದಿಲ್ಲ ಎನ್ನುವ ಮಾತನ್ನು ಮಾತ್ರ ನಂಬಬೇಡಿ. ನಮ್ಮ ಅಕ್ಷಾಂಶ ಸುಮಾರು 14 ಡಿಗ್ರಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ.

ಶೀಟಿನ ಮನೆಯಾದರೆ ಬೇಸಿಗೆಯ ಹಗಲು 11ರಿಂದ 5ರವರೆಗೆ ಒಳಗೆ ಓದುವ ಯೋಚನೆಯನ್ನೇ ಬಿಡಿ. ಬೇವಿನ ಮರದ ಕಟ್ಟೆ, ಗುಡಿಯ ಪೌಳಿ, ಪಕ್ಕದವರ ಪಡಸಾಲೆ ಯಾವುದಾದರೂ ಆದೀತು. ಹಳೆಯ ಮಣ್ಣಿನ ಮಾಳಿಗೆ ಮನೆಯವರದು ಉಲ್ಟಾ ಸಮಸ್ಯೆ: ಒಳಗೆ ತಂಪು, ಆದರೆ ಕತ್ತಲೆ. ಅಲ್ಲಿ ಬೆಳಕಿಂಡಿ ಎಲ್ಲಿದೆಯೋ ಅದರ ಕೆಳಗಿನ ನಾಲ್ಕಡಿಯೇ ಹಗಲಿನ ಓದುವ ಕೋಣೆ.

ಸದ್ದಿನಲ್ಲಿ ಎರಡು ಬಗೆ

ಫ್ಯಾನಿನ ಗುಂಯ್‌ಗುಟ್ಟುವಿಕೆ, ದೂರದ ಲಾರಿ, ಪಕ್ಕದ ಬೀದಿಯ ಹಿಟ್ಟಿನ ಗಿರಣಿ ಇವಕ್ಕೆ ಕಿವಿ ಒಗ್ಗುತ್ತದೆ. ಒಗ್ಗದೇ ಇರುವುದು ಅರ್ಥವಾಗುವ ಮಾತು. ಧಾರಾವಾಹಿಯಲ್ಲಿ ಅತ್ತೆ ಸೊಸೆಗೆ ಬೈಯುವುದು ಗೋಡೆಯಾಚೆ ಸಣ್ಣಗೆ ಕೇಳಿದರೂ ಓದುತ್ತಿರುವ ಸಾಲನ್ನು ಅದು ನುಂಗುತ್ತದೆ. ಬಹಳಷ್ಟು ಟಿವಿಗಳ ಸ್ಪೀಕರ್ ಕೆಳಕ್ಕೆ ಅಥವಾ ಹಿಂದಕ್ಕೆ ಮುಖ ಮಾಡಿರುವುದರಿಂದ ಟಿವಿ ತೂಗುಹಾಕಿದ ಗೋಡೆಯ ಹಿಂಬದಿಯಲ್ಲಿ ಓದಲು ಕೂರಿಸಬಾರದು. ಟಿವಿಯನ್ನು ಎದುರಿನ ಗೋಡೆಗೆ ಬದಲಿಸಿದರೆ ಅರ್ಧ ಜಗಳ ಮುಗಿಯುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಅಡುಗೆಮನೆಯ ಬಾಗಿಲಿಂದ ಕಾಣುವ ಜಾಗದಲ್ಲಿ ಕೂತ ಹುಡುಗಿಗೆ ಗಂಟೆಗೆ ಹತ್ತು ಕರೆ ಬರುತ್ತವೆ: ‘ಕುಕ್ಕರ್ ಎಷ್ಟು ಕೂಗ್ತು ನೋಡವ್ವ’, ‘ಹಾಲು ಉಕ್ಕೀತು ನೋಡು’. ಅಣ್ಣ ಕೂತ ಕೋಣೆಯ ಬಾಗಿಲು ಮಾತ್ರ ಮುಚ್ಚಿರುತ್ತದೆ. ಜಾಗ ಹಂಚುವಾಗ ಬಾಗಿಲಿರುವ ಕೋಣೆ ಹತ್ತನೇ ತರಗತಿಯವರಿಗೆ, ಅದು ಹುಡುಗಿಯಾದರೂ ಸರಿ.

ಬೆಳಕು: ಬಲಗೈಗೆ ಎಡದಿಂದ

ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ, ಎಡಚರಿಗೆ ಬಲದಿಂದ ಬೀಳಬೇಕು. ಇಲ್ಲದಿದ್ದರೆ ಬರೆಯುವ ಜಾಗದ ಮೇಲೆಯೇ ಕೈಯ ನೆರಳು ಬಿದ್ದು, ಮಗು ಗೊತ್ತಿಲ್ಲದೆಯೇ ತಲೆ ಬಗ್ಗಿಸಿ ಬಗ್ಗಿಸಿ ಕಣ್ಣನ್ನು ಹಾಳೆಯ ಹತ್ತಿರಕ್ಕೆ ಒಯ್ಯುತ್ತದೆ. ಕಿಟಕಿ ಮುಂದೆ ಇದ್ದರೆ ಕಣ್ಣು ಕುಕ್ಕುತ್ತದೆ, ಹಿಂದೆ ಇದ್ದರೆ ತನ್ನದೇ ತಲೆಯ ನೆರಳು ಪುಸ್ತಕದ ಮೇಲೆ. ಹಾಗಾಗಿ ಕಿಟಕಿ ಪಕ್ಕಕ್ಕಿರಲಿ. ಪೂರ್ವಕ್ಕೆ ಮುಖ ಮಾಡಿ ಓದಬೇಕು ಎನ್ನುವ ಅಜ್ಜಿ ಮನೆಯಲ್ಲಿದ್ದರೆ ವಾದ ಬೇಡ: ಪೂರ್ವಕ್ಕೆ ಮುಖ ಮಾಡಿ ಕೂತಾಗ ಉತ್ತರದ ಕಿಟಕಿ ತಾನಾಗಿಯೇ ಎಡಕ್ಕೆ ಬರುತ್ತದೆ.

ರಾತ್ರಿಗೆ ಕೋಣೆಯ 20 ವ್ಯಾಟ್ ಎಲ್‌ಇಡಿ ಟ್ಯೂಬ್ ಒಂದೇ ಸಾಲದು. ಅದು ಬೆನ್ನ ಹಿಂದಿನ ಗೋಡೆಯಲ್ಲಿದ್ದರಂತೂ ನೆರಳೇ ಹೆಚ್ಚು. 9 ವ್ಯಾಟ್ ಎಲ್‌ಇಡಿ ಬಲ್ಬು ಹಾಕಿದ ಟೇಬಲ್ ಲ್ಯಾಂಪನ್ನು ಪುಸ್ತಕದಿಂದ ಒಂದೂವರೆ ಅಡಿ ಎತ್ತರದಲ್ಲಿಡಿ. ಲ್ಯಾಂಪಿನ ಟೋಪಿಯ ಅಂಚು ಮಗುವಿನ ಗಲ್ಲದ ಮಟ್ಟಕ್ಕಿರಲಿ. ಬಲ್ಬು ಕಣ್ಣಿಗೆ ಕಾಣಬಾರದು. ಕೋಣೆ ಕತ್ತಲಾಗಿಸಿ ಲ್ಯಾಂಪ್ ಮಾತ್ರ ಉರಿಸುವುದೂ ತಪ್ಪು. ಹಾಳೆಯ ಬೆಳಕಿಗೂ ಸುತ್ತಲಿನ ಕತ್ತಲಿಗೂ ಹೊಂದಿಕೊಳ್ಳುವುದರಲ್ಲೇ ಕಣ್ಣು ದಣಿಯುತ್ತದೆ. ಸರಿಯಾಗಿದೆಯೇ ಎಂದು ನೋಡಲು ಹಾಳೆಯ ಮೇಲೆ ಪೆನ್ನು ಹಿಡಿದು ಬರೆಯುವಂತೆ ಕೈ ಆಡಿಸಿ; ನಿಬ್ಬಿನ ತುದಿ ನೆರಳಲ್ಲಿ ಮುಳುಗಿದರೆ ಲ್ಯಾಂಪಿನ ಜಾಗ ಬದಲಿಸಿ.

ಕರೆಂಟ್ ಹೋದಾಗ ಉರಿಯುವ ಬ್ಯಾಟರಿ ಬಲ್ಬು ಒಂದನ್ನು ಓದುವ ಜಾಗಕ್ಕೇ ಮೀಸಲಿಡಿ. ಪರೀಕ್ಷೆಯ ದಿನಗಳಿಗೆಂದು ಕಪಾಟಿನಲ್ಲಿ ಎತ್ತಿಟ್ಟರೆ ಬೇಕಾದಾಗ ಅದರಲ್ಲಿ ಚಾರ್ಜೇ ಇರುವುದಿಲ್ಲ. ದಿನಾ ಹೋಲ್ಡರಿನಲ್ಲೇ ಇರಬೇಕು. ಲ್ಯಾಂಪು, ಫ್ಯಾನು, ಚಾರ್ಜರ್ ಚುಚ್ಚಿದ ಎಕ್ಸ್‌ಟೆನ್ಷನ್ ಬಾಕ್ಸಿಗೆ ಇಸ್ತ್ರಿಪೆಟ್ಟಿಗೆಯನ್ನೋ ನೀರು ಕಾಯಿಸುವ ಕಾಯಿಲನ್ನೋ ಹಾಕಬೇಡಿ, ವೈರು ಕಾಯುತ್ತದೆ.

ಈಗ ಟೇಬಲ್ಲಿನ ಸರದಿ

ಪಠ್ಯಪುಸ್ತಕ ಬಿಚ್ಚಿಟ್ಟರೆ ಒಂದೂವರೆ ಅಡಿಯಷ್ಟು ಅಗಲ. ಪಕ್ಕದಲ್ಲಿ ನೋಟ್‌ಬುಕ್, ಕಂಪಾಸ್ ಪೆಟ್ಟಿಗೆ, ನೀರಿನ ಲೋಟ. ಎಲ್ಲ ಸೇರಿ 3 ಅಡಿ ಅಗಲ, 20 ಇಂಚು ಆಳ ಬೇಕು. ಇದಕ್ಕಿಂತ ಚಿಕ್ಕದಾದರೆ ಪುಸ್ತಕ ತೊಡೆಯ ಮೇಲೆ ಬರುತ್ತದೆ.

ಎತ್ತರವನ್ನು ಅಂಗಡಿಯವರು ಹೇಳಿದ ಲೆಕ್ಕದಲ್ಲಿ ಕೊಳ್ಳಬೇಡಿ, ಮಗುವನ್ನು ಕೂರಿಸಿ ಅಳೆಯಿರಿ. ಪಾದ ಪೂರ್ತಿ ನೆಲಕ್ಕೆ ಊರಿರಬೇಕು, ಭುಜ ಸಡಿಲವಾಗಿರಬೇಕು, ಮೊಣಕೈ ಟೇಬಲ್ಲಿನ ಮಟ್ಟಕ್ಕಿರಬೇಕು. ಹೈಸ್ಕೂಲು ಮಕ್ಕಳಿಗೆ ಕೂರುವ ಮಟ್ಟದಿಂದ ಟೇಬಲ್ಲಿನ ಮೇಲ್ಮೈಗೆ 10ರಿಂದ 11 ಇಂಚು ಸಾಕು. ಮನೆಯ ಪ್ಲಾಸ್ಟಿಕ್ ಕುರ್ಚಿ ಸುಮಾರು 17 ಇಂಚು, ಊಟದ ಟೇಬಲ್ 30 ಇಂಚು. ನಡುವಿನ ಅಂತರ 13. ಅದಕ್ಕೇ ಊಟದ ಟೇಬಲ್ಲಿನಲ್ಲಿ ಬರೆಯುವ ಮಕ್ಕಳ ಭುಜ ಕಿವಿಯ ಹತ್ತಿರ ಬಂದಿರುತ್ತದೆ, ಅರ್ಧ ಗಂಟೆಗೇ ಕತ್ತು ನೋವು. ಇದಕ್ಕೆ ಹೊಸ ಟೇಬಲ್ ಬೇಕಿಲ್ಲ. ಚಳ್ಳಕೆರೆಯ ಕಂಬಳಿಯನ್ನು 2 ಇಂಚು ದಪ್ಪ ಬರುವಂತೆ ಮಡಿಸಿ ಕುರ್ಚಿಗೆ ಹಾಕಿ. ಅಂತರ 11ಕ್ಕೆ ಇಳಿಯುತ್ತದೆ. ಆಗ ಕಾಲು ನೇತಾಡುತ್ತದೆ, ಕೆಳಗೆ ಇಟ್ಟಿಗೆಗಳನ್ನು ಮಲಗಿಸಿ ಮೇಲೊಂದು ಹಲಗೆ ಇಡಿ. ಕಾಲಿಗೆ ಆಸರೆ ಕೊಡದೆ ಕುರ್ಚಿ ಮಾತ್ರ ಎತ್ತರಿಸಿದರೆ ತೊಡೆಯ ಕೆಳಗೆ ಒತ್ತಿ ಜೋಮು ಹಿಡಿಯುತ್ತದೆ.

ಜಾಗವೇ ಇಲ್ಲದ ಕಡೆ ಗೋಡೆಗೆ ಮಡಚುವ ಟೇಬಲ್ ಹಾಕಿಸಬಹುದು. 36×20 ಇಂಚಿನ, 18 ಮಿ.ಮೀ. ದಪ್ಪದ ಪ್ಲೈವುಡ್, ಮಡಚುವ 16 ಇಂಚಿನ ಬ್ರಾಕೆಟ್ ಒಂದು ಜೊತೆ, 8 ಮಿ.ಮೀ. ಪ್ಲಗ್, 2 ಇಂಚಿನ ಸ್ಕ್ರೂ ಸಾಕು. ಮೇಲ್ಮೈ 28 ಇಂಚಿಗೆ ಬರಬೇಕಾದರೆ ಬ್ರಾಕೆಟ್‌ನ ಮೇಲಂಚನ್ನು 27¼ ಇಂಚಿಗೆ ಗುರುತು ಹಾಕಬೇಕು. ಹಲಗೆಯ ಮುಕ್ಕಾಲು ಇಂಚನ್ನು ಮರೆತು 28ಕ್ಕೇ ಕೊರೆದುಬಿಡುವುದು ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು. ಇಟ್ಟಿಗೆ ಗೋಡೆಗೆ ಇದು ಸರಿ. ಮಣ್ಣಿನ ಗೋಡೆಯಲ್ಲಿ ಪ್ಲಗ್ ನಿಲ್ಲುವುದಿಲ್ಲ, ಮುಂದೆ ಮೊಣಕೈ ಊರಿದಂತೆಲ್ಲ ಸಡಿಲಾಗಿ ಒಂದು ದಿನ ಗಾರೆ ಸಮೇತ ಕೈಗೆ ಬರುತ್ತದೆ. ಅಂಥ ಕಡೆ ಕಾಲಿರುವ ಟೇಬಲ್ಲೇ ಸರಿ. ಬಾಡಿಗೆ ಮನೆಯಾದರೆ ಕೊರೆಯುವ ಮೊದಲು ಓನರ್‌ಗೆ ಒಂದು ಮಾತು ಹೇಳಿ.

ನೆಲದ ಮೇಲೆ ಕೂತು ಓದುವುದು ಕೀಳಲ್ಲ. ದಲಾಲಿ ಅಂಗಡಿಗಳಲ್ಲಿ ಗುಮಾಸ್ತರು ಗಾದಿಯ ಮೇಲೆ ಕೂತು ಲೆಕ್ಕ ಬರೆಯುತ್ತಿದ್ದ ಇಳಿಜಾರು ಡೆಸ್ಕು ನೆನಪಿದೆಯೇ? ಅದೇ ಅಳತೆ ಇಂದಿಗೂ ಸರಿ: 24×16 ಇಂಚಿನ ಹಲಗೆ, ಎದೆಯ ಕಡೆ 9 ಇಂಚು, ಆಚೆ ಬದಿ 12 ಇಂಚು ಎತ್ತರ, ಪುಸ್ತಕ ಜಾರದಂತೆ ಕೆಳ ಅಂಚಿಗೆ ಅರ್ಧ ಇಂಚಿನ ಪಟ್ಟಿ. ಬೆನ್ನಿಗೆ ಗೋಡೆ, ಕೆಳಗೆ ಮಡಿಸಿದ ಕೌದಿ. 40 ನಿಮಿಷಕ್ಕೊಮ್ಮೆ ಎದ್ದು ಓಡಾಡಬೇಕು ಅಷ್ಟೆ. ಈ ಡೆಸ್ಕನ್ನು ಮಾಳಿಗೆಗೂ ಹೊತ್ತೊಯ್ಯಬಹುದು ಎಂಬುದೇ ಇದರ ದೊಡ್ಡ ಲಾಭ. ಪುಸ್ತಕವನ್ನು ನೆಲಕ್ಕೇ ಇಟ್ಟು ಬಗ್ಗಿ ಬರೆಯುವುದು ಮಾತ್ರ ಬೇಡ.

ಮಂಚ ಬೇಡ ಎನ್ನಲು ಕತ್ತಿನ ನೋವಷ್ಟೇ ಕಾರಣವಲ್ಲ. ಮಲಗುವ ಜಾಗದಲ್ಲೇ ಓದಿದರೆ ಓದುವಾಗ ನಿದ್ದೆ, ನಿದ್ದೆ ಮಾಡುವಾಗ ಗಣಿತ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಗಿನ 5ಕ್ಕೆ ಏಳಿಸುವವರು ರಾತ್ರಿ 9.30ರ ಓದನ್ನು ಚಿಕ್ಕದಾಗಿಡಲೇಬೇಕು.

ಓಡಾಡುವ ಪೆಟ್ಟಿಗೆ

ಎರಡು ಜಾಗದ ಪದ್ಧತಿ ಸೋಲುವುದು ಒಂದೇ ಕಡೆ: ಕೂತ ಮೇಲೆ ಸ್ಕೇಲು ಕೆಳಗಿದೆ, ಲಾಂಗ್ ನೋಟ್‌ಬುಕ್ ಬ್ಯಾಗಿನಲ್ಲಿದೆ ಎಂದು ಎದ್ದು ಹೋಗುವುದು. ಹಿಡಿಕೆಯ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಎರಡು ಪೆನ್ನು, ಪೆನ್ಸಿಲ್, ಕಂಪಾಸ್ ಪೆಟ್ಟಿಗೆ, ಕಚ್ಚಾ ಹಾಳೆ, ಮುಳ್ಳಿನ ಗಡಿಯಾರ, ನೀರಿನ ಬಾಟಲಿ, ಅಂದಿನ ಎರಡು ವಿಷಯದ ಪುಸ್ತಕ ಇರಲಿ. ಗಡಿಯಾರ ಯಾಕೆಂದರೆ ಹೊತ್ತು ನೋಡಲು ಮೊಬೈಲ್ ಬೇಕಾಗಬಾರದು. ಮೊಬೈಲ್ ಚಾರ್ಜಿಗೆ ಹಾಕುವ ಜಾಗ ಪಡಸಾಲೆಯ ಫ್ರಿಜ್ಜಿನ ಮೇಲೆ, ಅಪ್ಪನದೂ ಅಲ್ಲೇ. ಆನ್‌ಲೈನ್ ಪಾಠ ನೋಡಬೇಕಾದಾಗ ಮನೆಯವರಿಗೆ ಕಾಣುವ ಪಡಸಾಲೆಯಲ್ಲೇ ನೋಡಿ, ಟಿಪ್ಪಣಿ ಬರೆದುಕೊಂಡು ಓದುವ ಜಾಗಕ್ಕೆ ಬರಲಿ.

ವಿಷಯಕ್ಕೆ ತಕ್ಕ ಜಾಗವೂ ಉಂಟು. ಗಣಿತ, ರೇಖಾಚಿತ್ರ, ನಕಾಶೆ ಟೇಬಲ್ಲಿಗೆ. ಪದ್ಯ ಕಂಠಪಾಠ, ಇಸವಿಗಳು ಮಾಳಿಗೆಯ ಮೇಲೆ ಅಡ್ಡಾಡುತ್ತಾ.

ಸೆಕೆಗೂ ಗಾಳಿಗೂ ಸಣ್ಣ ಉಪಾಯಗಳು

ಪಶ್ಚಿಮದ ಕಿಟಕಿಗೆ ಒಳಗೆ ಪರದೆ ಹಾಕುವುದಕ್ಕಿಂತ ಹೊರಗೆ ಬಿದಿರಿನ ತಟ್ಟಿ ಕಟ್ಟಿ. ಗಾಜು ದಾಟಿ ಒಳಗೆ ಬಂದ ಬಿಸಿಯನ್ನು ಪರದೆ ಹೊರಗಟ್ಟಲಾರದು. ಮಾಳಿಗೆಗೆ ಫೆಬ್ರುವರಿಯಲ್ಲೇ ಎರಡು ಸಲ ಸುಣ್ಣ ಬಳಿದರೆ ಬಿಸಿಲಿನ ದೊಡ್ಡ ಪಾಲು ಮರಳಿಹೋಗುತ್ತದೆ. ಸಂಜೆ ಕೋಣೆಗೆ ಹೋದ ಕೂಡಲೇ ಸೀಲಿಂಗ್ ಫ್ಯಾನ್ ಹಾಕಿದರೆ ಸೂರಿನ ಕೆಳಗೆ ನಿಂತ ಬಿಸಿಗಾಳಿಯೇ ತಲೆಯ ಮೇಲೆ ಇಳಿಯುತ್ತದೆ. ಮೊದಲು ಎದುರುಬದುರು ಕಿಟಕಿ ತೆರೆದು, ಟೇಬಲ್ ಫ್ಯಾನನ್ನು ಕಿಟಕಿಯ ಹೊರಕ್ಕೆ ಮುಖ ಮಾಡಿ ಅರ್ಧ ಗಂಟೆ ಓಡಿಸಿ. ನೀರಿನ ಕೂಲರ್ ಇಟ್ಟವರು ಒಂದು ಕಿಟಕಿ ತೆರೆದೇ ಇಡಬೇಕು. ಮುಚ್ಚಿದರೆ ಕೋಣೆ ಒದ್ದೆಯಾಗಿ ಸೆಕೆ ಇಮ್ಮಡಿಸುತ್ತದೆ.

ಚಿತ್ರದುರ್ಗದ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಸಮಸ್ಯೆ ಗಾಳಿಯದು. ಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿಗೆ ನೋಟ್‌ಬುಕ್ ಹಾಳೆ ಯಾವ ಲೆಕ್ಕ? ಕಿಟಕಿಯ ಬಾಗಿಲಿಗೆ ಕೊಕ್ಕೆ ಗಟ್ಟಿಯಿರಲಿ, ಟೇಬಲ್ ಮೇಲೆ ಎರಡು ನುಣ್ಣನೆ ಕಲ್ಲಿರಲಿ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಆಸುಪಾಸಿನ ಮನೆಯವರು ಆ ಕಡೆಯ ಕಿಟಕಿ ಮುಚ್ಚಿ, ಬೇರೆ ಕಡೆಯದನ್ನು ತೆರೆಯುವುದು ಒಳ್ಳೆಯದು. ಮಸಿ ಪುಸ್ತಕದ ಮೇಲೂ ಕೂರುತ್ತದೆ, ಲ್ಯಾಂಪಿನ ಟೋಪಿಯ ಮೇಲೂ ಕೂತು ಬೆಳಕು ತಗ್ಗಿಸುತ್ತದೆ. ವಾರಕ್ಕೊಮ್ಮೆ ಒರೆಸಿ.

ಇಬ್ಬರು ಮಕ್ಕಳಿದ್ದರೆ ಎದುರುಬದುರು ಕೂರಿಸಬೇಡಿ; ಕಣ್ಣು ಕೂಡಿದರೆ ಮಾತು ಶುರು. ಒಂದೇ ಗೋಡೆಗೆ ಅಕ್ಕಪಕ್ಕ, ನಡುವೆ ಪುಸ್ತಕದ ಸಾಲು. ಮನೆಯಲ್ಲಿ ಹೇಗೂ ಜಾಗ ಹೊಂದದಿದ್ದರೆ ಊರಿನ ಗ್ರಂಥಾಲಯ, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವನ್ನು ವಿಚಾರಿಸಿ. ಅದು ತೆರೆದಿರುವ ಹೊತ್ತು ನೋಡಿಕೊಂಡು ಮನೆಯ ವೇಳಾಪಟ್ಟಿ ಹಾಕಿಕೊಳ್ಳಿ.

ಇನ್ನು ಫೆಬ್ರುವರಿಯಿಂದ ಒಂದು ಬದಲಾವಣೆ. ಎಸ್‌ಎಸ್‌ಎಲ್‌ಸಿಯ ಗಣಿತ, ವಿಜ್ಞಾನದಂಥ ಪತ್ರಿಕೆಗಳಿಗೆ ಪ್ರಶ್ನೆ ಓದುವ 15 ನಿಮಿಷ ಸೇರಿ ಮೂರೂಕಾಲು ಗಂಟೆ. ವರ್ಷವಿಡೀ ನೆಲದ ಡೆಸ್ಕಿನಲ್ಲಿ ಬರೆದ ಕೈಗೆ ಪರೀಕ್ಷಾ ಕೊಠಡಿಯ ಎತ್ತರದ ಬೆಂಚು ಹೊಸದು, ಎರಡನೇ ಗಂಟೆಗೆ ತೋಳು ಸೋಲುತ್ತದೆ. ವಾರಕ್ಕೆರಡು ದಿನ ಬೆಳಿಗ್ಗೆ ಪರೀಕ್ಷೆಯ ಹೊತ್ತಿಗೇ, ಊಟದ ಟೇಬಲ್ಲಿನಲ್ಲಿ, ಕಂಬಳಿಯಿಲ್ಲದ ಬರೀ ಕುರ್ಚಿಯಲ್ಲಿ ಕೂರಿಸಿ ಹಳೆಯ ಪ್ರಶ್ನೆಪತ್ರಿಕೆ ಬರೆಸಿ. ಆ ಮೂರು ಗಂಟೆ ಅಡುಗೆಮನೆಯಿಂದ ಯಾರೂ ಕರೆಯಬಾರದು.