ಪಾಠಕ್ಕೂ ಮೊದಲು ಪ್ಯಾನೆಲ್ ಕೈಗೆ ಕೊಡಿ

ಮೊದಲ ವರ್ಷದ ಎಂಜಿನಿಯರಿಂಗ್ ಮಕ್ಕಳಿಗೆ ಸೌರಶಕ್ತಿಯ ಪಾಠವನ್ನು ನಾನು ಕಾಲೇಜಿನ ತಾರಸಿಯಲ್ಲೇ ಆರಂಭಿಸುತ್ತೇನೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್.ಪಿ. ರಸ್ತೆಗೆ ಹೋಗಿ 10 ವ್ಯಾಟ್‌ನ ಸೋಲಾರ್ ಪ್ಯಾನೆಲ್, ವೋಲ್ಟೇಜ್ ಮತ್ತು ಕರೆಂಟ್ ಅಳೆಯುವ ಮಲ್ಟಿಮೀಟರ್, ಕರೆಂಟಿಗೆ ತಡೆಯೊಡ್ಡುವ ದಪ್ಪನೆಯ 10 ವ್ಯಾಟ್ ರೆಸಿಸ್ಟರ್‌ಗಳನ್ನು ತನ್ನಿ. ಕಾಲು ವ್ಯಾಟಿನ ಸಣ್ಣವು ಸುಟ್ಟುಹೋಗುತ್ತವೆ. ನಾಲ್ವರಿಗೆ ಒಂದು ಪ್ಯಾನೆಲ್ ಇರಲಿ. ಗುಂಪು ದೊಡ್ಡದಾದರೆ ಹಿಂದಿನವರು ಬರೀ ನೋಡುತ್ತಾ ನಿಲ್ಲುತ್ತಾರೆ.

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಪ್ಯಾನೆಲನ್ನು ದಕ್ಷಿಣಕ್ಕೆ ಮುಖಮಾಡಿ ಅಷ್ಟೇ ಡಿಗ್ರಿ ಓರೆಯಾಗಿ ಇಡಿಸಿ. ಏನನ್ನೂ ಜೋಡಿಸದೆ ಅಳೆದರೆ 36 ಕೋಶಗಳ ಪ್ಯಾನೆಲ್‌ನಲ್ಲಿ 20 ವೋಲ್ಟ್ ಆಸುಪಾಸು ಸಿಗುತ್ತದೆ. ಆಮೇಲೆ ರೆಸಿಸ್ಟರ್‌ಗಳನ್ನು ಬದಲಿಸುತ್ತಾ ವೋಲ್ಟೇಜ್, ಕರೆಂಟ್ ಎರಡನ್ನೂ ಬರೆದು ಗುಣಿಸಲಿ. ರೆಸಿಸ್ಟರ್ ಸುಮಾರು 30 ಓಮ್ ಇದ್ದಾಗ ಗುಣಲಬ್ಧ, ಅಂದರೆ ಪ್ಯಾನೆಲ್ ಕೊಡುವ ವ್ಯಾಟ್, ಶಿಖರ ಮುಟ್ಟುತ್ತದೆ. ಅದನ್ನು ಅವರೇ ಕಂಡುಕೊಳ್ಳಬೇಕು. ದಯವಿಟ್ಟು ಮೊದಲೇ ಹೇಳಿಬಿಡಬೇಡಿ.

ನನಗೆ ಅತಿ ಪ್ರಿಯವಾದದ್ದು ನೆರಳಿನ ಪ್ರಯೋಗ. ಒಂದೇ ಒಂದು ಕೋಶವನ್ನು ನೋಟ್‌ಬುಕ್ಕಿನ ರಟ್ಟಿನಿಂದ ಪೂರ್ತಿ ಮುಚ್ಚಿಸಿ. ಮೂವತ್ತಾರರಲ್ಲಿ ಒಂದು ಪಾಲು ಕಡಿಮೆಯಾದೀತು ಎಂದು ಎಲ್ಲರೂ ಊಹಿಸುತ್ತಾರೆ. ಆದರೆ ಬೈಪಾಸ್ ಡಯೋಡ್ (ನೆರಳಾದ ಕೋಶಗಳನ್ನು ಬಿಟ್ಟು ಕರೆಂಟಿಗೆ ಬದಲಿ ದಾರಿ ಕೊಡುವ ಭಾಗ) ಇಲ್ಲದ ಪ್ಯಾನೆಲ್‌ನಲ್ಲಿ ಕರೆಂಟ್ ಬಹುಪಾಲು ಕುಸಿದೇ ಹೋಗುತ್ತದೆ. ಕಳೆದ ವರ್ಷ, ತರಗತಿಯಲ್ಲಿ ಎಂದೂ ಬಾಯಿಬಿಡದ ಹುಡುಗಿಯೊಬ್ಬಳು ಮೀಟರನ್ನೇ ದಿಟ್ಟಿಸುತ್ತಾ, "ಕಾಲುವೆಗೆ ಒಂದು ಕಡೆ ಮಣ್ಣು ಕುಸಿದರೆ ಗದ್ದೆಗೆ ನೀರೇ ಬರುವುದಿಲ್ಲವಲ್ಲ, ಹಾಗೆ ಸರ್" ಎಂದಳು. ಕೋಶಗಳನ್ನು ಒಂದರ ಹಿಂದೆ ಒಂದು ಜೋಡಿಸುವ ಸರಣಿ ಜೋಡಣೆಯನ್ನು ನಾನು ಅಷ್ಟು ಚೆನ್ನಾಗಿ ಎಂದೂ ವಿವರಿಸಿರಲಿಲ್ಲ.

ಮೋಡ ಕವಿದರೆ ಕೆಳಗಿಳಿಯಬೇಡಿ. ಪ್ರತಿ ಅಳತೆಯ ಪಕ್ಕದಲ್ಲಿ ಸಮಯವನ್ನೂ ಆಕಾಶದ ಸ್ಥಿತಿಯನ್ನೂ ಬರೆಸಿ.