ಶಿವನೇರಿಯ ಬಂಡೆಗಳಲ್ಲಿ ಫ್ರೇರಿಯಾ ಇಂಡಿಕಾವನ್ನು ಗುರುತಿಸುವ ಬಗೆ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಮಳೆಗಾಲದ ಭಾನುವಾರಗಳಂದು ಕೋಟೆ ಹತ್ತುವವರಿಗೆ ಕೊರತೆಯಿಲ್ಲ. ಅವರಲ್ಲಿ ಅನೇಕರು ಕಾಸ್ ಪ್ರಸ್ಥಭೂಮಿಯ ಹೂಗಳನ್ನು ಕಂಡವರೇ ಆದರೂ, ಜುನ್ನರ್ ಬಳಿಯ ಶಿವನೇರಿಯ ಕಡಿದಾದ ಬಸಾಲ್ಟ್ ಬಂಡೆಗಳ ಬಿರುಕುಗಳಲ್ಲಿ ಬೇರೂರುವ ಫ್ರೇರಿಯಾ ಇಂಡಿಕಾ ಎಂಬ ಗಿಡವನ್ನು ಗುರುತಿಸಬಲ್ಲವರು ವಿರಳ. ಮಹಾರಾಷ್ಟ್ರದ ಕೆಲವೇ ಬೆಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಇದು ಸಹಜವಾಗಿ ಬೆಳೆಯುವುದಿಲ್ಲ. ಮರಾಠಿಯಲ್ಲಿ ಇದಕ್ಕೆ ಶಿಂದಳ ಮಾಕುಡಿ ಎಂಬ ಹೆಸರಿದೆ. 19ನೆಯ ಶತಮಾನದಲ್ಲಿ ಇದನ್ನು ಮೊದಲು ವರ್ಣಿಸಿದ ಸಸ್ಯವಿಜ್ಞಾನಿ ಡಾಲ್ಜೆಲ್, ಆಗ ಮುಂಬಯಿಯ ಗವರ್ನರ್ ಆಗಿದ್ದ ಬಾರ್ಟಲ್ ಫ್ರೇರ್ ಅವರ ಹೆಸರನ್ನು ಈ ಗಿಡದ ಕುಲಕ್ಕೆ (ಜೀನಸ್) ಇಟ್ಟರು. ಈಚಿನ ಗ್ರಂಥಗಳಲ್ಲಿ ಇದೇ ಗಿಡ ಬೌಸೆರೋಷಿಯಾ ಅಥವಾ ಸೆರೋಪೀಜಿಯಾ ಕುಲದಡಿ ಕಾಣಿಸಿಕೊಂಡರೆ ಗೊಂದಲಪಡಬೇಕಾಗಿಲ್ಲ.

ಹುಡುಕಲು ಸೆಪ್ಟೆಂಬರ್ ಸೂಕ್ತ ಕಾಲ. ಆದರೆ ಹೂವಿಗಿಂತ ಮೊದಲು ಎಲೆಯನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ. ಏಕೆಂದರೆ ಇದರ ಹತ್ತಿರದ ಬಂಧುಗಳಾದ ರಸಭರಿತ ಕಾಂಡದ ಗಿಡಗಳಲ್ಲಿ ಎಲೆಯೆಂಬುದು ಹೆಸರಿಗಷ್ಟೇ ಇರುತ್ತದೆ. ಇದರಲ್ಲಿ ಮಾತ್ರ ಅಂಡಾಕಾರದ, ದಪ್ಪನೆಯ, ಎದುರುಬದುರಾಗಿ ಜೋಡಣೆಗೊಂಡ ನಿಜವಾದ ಎಲೆಗಳಿವೆ. ಬೇಸಿಗೆಯಲ್ಲಿ ಅವೆಲ್ಲ ಉದುರಿ, ಕಲೆಗಳನ್ನು ಹೊತ್ತ ಬೂದುಹಸಿರಿನ ಬೋಳು ಕಾಂಡವಷ್ಟೇ ಉಳಿಯುವುದರಿಂದ, ಆ ಕಾಲದ ಗುರುತನ್ನು ನಂಬದಿರುವುದೇ ಲೇಸು. ಕಾಂಡ ಗುಂಡಗಿದ್ದು ಬಂಡೆಯಿಂದ ಕೆಳಕ್ಕೆ ಜೋತುಬೀಳುತ್ತದೆ. ನಾಲ್ಕು ಮೂಲೆಗಳುಳ್ಳ ಕಾಂಡ ನೆಟ್ಟಗೆ ನಿಂತಿದ್ದರೆ ಅದು ಇದರ ಬಂಧುಗಳಲ್ಲೊಂದಾದ ಕ್ಯಾರಲ್ಲುಮಾ ಇರಬಹುದು. ಮುಳ್ಳಿದ್ದು, ಮುರಿದಲ್ಲಿ ಹಾಲು ಒಸರಿದ್ದರೆ ಅದು ಎಲೆಗಳ್ಳಿ.

ಹೂವು ಸುಮಾರು 2 ಸೆಂಟಿಮೀಟರ್ ಅಗಲದ, ಐದು ಮೂಲೆಗಳ ನಕ್ಷತ್ರ. ಕಡುಗೆಂಪು ಬಣ್ಣದ ಮೇಲೆ ಹಳದಿ ಮಚ್ಚೆಗಳಿದ್ದು, ಅವುಗಳ ಗಾತ್ರ ಮತ್ತು ವಿನ್ಯಾಸ ಒಂದು ಗಿಡದಲ್ಲಿದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ. ಹಾಗಾಗಿ ಮಚ್ಚೆಯನ್ನು ಮಾತ್ರ ನೆಚ್ಚಿಕೊಳ್ಳುವಂತಿಲ್ಲ. ಭೂತಗನ್ನಡಿ ಹಿಡಿದರೆ ದಳಗಳ ಅಂಚಿನ ಸಣ್ಣ ರೋಮಗಳೂ, ನಡುವೆ ಎಕ್ಕದ ಹೂವಿನಲ್ಲಿರುವಂತಹ ಪುಟ್ಟ ಕಿರೀಟವೂ ಕಾಣುತ್ತವೆ. ಎಕ್ಕವೂ ಇದೇ ಕುಟುಂಬದ್ದು. ಎರಡರಲ್ಲಿಯೂ ಪರಾಗವು ಪುಡಿಯಾಗಿರದೆ ಮೇಣದಂತಹ ಗಂಟುಗಳಾಗಿದ್ದು, ಕೀಟದ ಮೈಗೆ ಸಿಕ್ಕಿಕೊಂಡು ಸಾಗುತ್ತದೆ. ಕಾಯಿಗಳು ಜೋಡಿ ಕೊಂಬಿನಂತಿದ್ದು, ಒಡೆದಾಗ ನಯವಾದ ಕೂದಲಿನ ಕುಚ್ಚಿರುವ ಬೀಜಗಳು ಗಾಳಿಗೆ ಹಾರುತ್ತವೆ.

ಬಿರುಕಿನ ಸಮೀಪಕ್ಕೆ ಹತ್ತುವ ಸಾಹಸ ಬೇಡ. ಮಳೆಯಲ್ಲಿ ಬಂಡೆ ಜಾರುತ್ತದೆ, ಗಿಡದ ಬೇರೂ ಸಡಿಲವಾಗುತ್ತದೆ. ದುರ್ಬೀನು ಅಥವಾ ಜೂಮ್ ಇರುವ ಕ್ಯಾಮೆರಾ ಸಾಕು. ಕಾಂಡ, ಎಲೆಯ ಜೋಡಣೆ ಮತ್ತು ಹೂವಿನ ಮುಖ, ಈ ಮೂರೂ ಪ್ರತ್ಯೇಕವಾಗಿ ಸ್ಪಷ್ಟವಾಗಿರುವ ಚಿತ್ರಗಳನ್ನು ತೆಗೆದುಕೊಂಡರೆ ಪುಣೆಯಲ್ಲಿರುವ ಭಾರತೀಯ ಸಸ್ಯ ಸರ್ವೇಕ್ಷಣಾಲಯದ ತಜ್ಞರಲ್ಲಿ ವಿಚಾರಿಸಲು ಅನುಕೂಲ. ತುಂಡು ಕಾಂಡ ನೆಟ್ಟರೂ ಸುಲಭವಾಗಿ ಚಿಗುರುವ ಗಿಡವಿದು. ಕುಂಡದ ಆಸೆಗೆ ಕಿತ್ತೊಯ್ಯುವವರಿಗೆ ಈ ಗುಣವೇ ಪ್ರಲೋಭನೆ. ಆದುದರಿಂದ ಚಿತ್ರಗಳನ್ನು ಹಂಚಿಕೊಳ್ಳುವ ಮುನ್ನ ಅವುಗಳಲ್ಲಿ ಅಡಗಿರುವ ಸ್ಥಳದ ವಿವರವನ್ನು ಅಳಿಸಿಹಾಕಬೇಕು.